ಹಿತ್ತಲ ಸಲಾಕೆಯ ಲೆಕ್ಕ

ಅವರು ತೀರಿಕೊಂಡ ಸುದ್ದಿ ಹೇಳಿದವನು ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ನಮ್ಮ ಹಳೆಯ ವಿದ್ಯಾರ್ಥಿ. "ಟೀಚರ್ರ, ವೋಲ್ಟ್ ಮಾಸ್ತರು ಹೋದ್ರಂತ್ರೀ. ಮೊನ್ನೇನ ಮಣ್ಣಾತಂತ" ಎಂದವನೇ ತನ್ನ ಬಸ್ಸು ಹೊರಟಿತೆಂದು ಓಡಿದ. ತರಕಾರಿ ಚೀಲ ಹಿಡಿದುಕೊಂಡು ನಾನು ಅಲ್ಲೇ ನಿಂತೆ. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಅಷ್ಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತು ಜಗಳವಾಡಿದವಳಿಗೆ ಒಂದು ಮಾತು ತಿಳಿಸುವವರಿಲ್ಲದ ಹಾಗೆ ಹೋಗಿಬಿಟ್ಟರಲ್ಲ ಎಂದು.

ಮಸ್ಕಿಯ ನಮ್ಮ ಶಾಲೆಯಲ್ಲಿ ಸಂತಾಪ ಸಭೆ ಆಯಿತು. ಫೋಟೋಕ್ಕೆ ಹಾರ ಹಾಕಿ ಒಬ್ಬರು ಅವರನ್ನು ಶಿಸ್ತಿನ ಸಿಪಾಯಿ ಎಂದರು, ಇನ್ನೊಬ್ಬರು ಅಜಾತಶತ್ರು ಎಂದರು. ಅಜಾತಶತ್ರು ಎಂದವರು ಅವರ ಜೊತೆ ಒಂದು ದಿನವೂ ಕೂತು ಚಹಾ ಕುಡಿದವರಲ್ಲ. ಅವರಿಗಿದ್ದ ಶತ್ರುಗಳ ಹೆಸರನ್ನು ನಾನೇ ಹೇಳಬಲ್ಲೆ. ಅದರಲ್ಲಿ ಒಂದು ಅವರದೇ ಹೆಸರು. ನನ್ನ ಸರದಿ ಬಂದಾಗ ನಾನೂ ಎಲ್ಲರ ಹಾಗೆ ನಾಲ್ಕು ಒಳ್ಳೆಯ ಮಾತಾಡಿ ಕೂತೆ. ಹೇಳಬೇಕಾದದ್ದನ್ನು ಅಲ್ಲಿ ಹೇಳಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುವೆ ನಾನು ಮಸ್ಕಿಗೆ ಗಣಿತದ ಟೀಚರಾಗಿ ಬಂದಾಗ ಅವರು ಅಲ್ಲಿ ವಿಜ್ಞಾನದ ಮಾಸ್ತರು. ಗುರುಗುಂಟಾ ಕಡೆಯ ಒಕ್ಕಲು ಮನೆತನ. ಒಣಕಲು ದೇಹ, ಮಣಿಕಟ್ಟಿನವರೆಗೂ ಇಳಿಬಿಟ್ಟ ತೋಳಿನ ಬಿಳಿ ಅಂಗಿ. ಎಲ್ಲರೂ ಪೆನ್ನು ಸಿಗಿಸಿಕೊಳ್ಳುವ ಜೇಬಿನಲ್ಲಿ ಅವರು ಹಳದಿ ಹಿಡಿಯ ಟೆಸ್ಟರ್ ಸಿಗಿಸಿಕೊಳ್ಳುತ್ತಿದ್ದರು. ಹಾಜರಿಗೆ ಸಹಿ ಹಾಕಲು ಮಾತ್ರ ದಿನಾ ನನ್ನ ಪೆನ್ನೇ ಬೇಕು.

ಕಬ್ಬಿಣದ ಯಾವ ವಸ್ತುವನ್ನೂ ಅವರು ಮೊದಲು ಅಂಗೈಯಿಂದ ಮುಟ್ಟಿದವರಲ್ಲ. ಶಾಲೆಯ ಗೇಟಿರಲಿ, ನಲ್ಲಿಯಿರಲಿ, ಬಸ್ಸಿನ ಬಾಗಿಲ ಹಿಡಿಕೆಯೇ ಇರಲಿ, ಬೆರಳುಗಳ ಹಿಂಬದಿಯನ್ನು ಒಮ್ಮೆ ತಾಗಿಸಿ ನೋಡಿ ಆಮೇಲೆ ಹಿಡಿಯುವುದು. "ಕರೆಂಟ್ ಹೊಡದ್ರ ಕೈ ಮುಚ್ಚಿಕೊಂತದ ರೀ. ಅಂಗೈಲೆ ಹಿಡದ್ರ ಬಿಡಾಕ ಬರಂಗಿಲ್ಲ. ಹಿಂಬದೀಲೆ ಮುಟ್ಟಿದ್ರ ತಾನ ದೂರ ಹೋಗ್ತದ" ಎನ್ನುತ್ತಿದ್ದರು. ಬಸ್ಸಿನಲ್ಲಿ ಕರೆಂಟ್ ಎಲ್ಲಿಂದ ಬರಬೇಕು ಎಂದು ನಾನು ಕೇಳಿದರೆ, "ಬರಂಗಿಲ್ಲ, ಖರೇ. ರೂಢಿ ತಪ್ಪಬಾರದು" ಎಂಬ ಉತ್ತರ. ಹುಡುಗರು ಆಟದ ಬಯಲಲ್ಲಿ ಒಬ್ಬರನ್ನೊಬ್ಬರು ಹಾಗೆ ಮುಟ್ಟಿ ಅಣಕಿಸುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ನಡೆದುಹೋಗುತ್ತಿದ್ದರು.

ನನ್ನ ಜೊತೆ ಅವರ ಜಗಳ ಅಳತೆಯ ಮಾನದ ಬಗ್ಗೆ. ಉತ್ತರ ಸರಿಯಿದ್ದು ಅದರ ಮುಂದೆ ವೋಲ್ಟ್, ಆಂಪಿಯರ್, ಓಮ್ ಎಂದು ಬರೆಯದಿದ್ದರೆ ಅರ್ಧ ಅಂಕ ಕಡಿಯುತ್ತಿದ್ದರು. ಮಕ್ಕಳ ಪರವಾಗಿ ನಾನು ವಾದಕ್ಕೆ ಹೋದರೆ ನನ್ನ ಗಣಿತವನ್ನೇ ಹಿಡಿದು ಎಳೆಯುವರು. "ಟೀಚರ್ರ, ನಿಮ್ಮ ಲೆಕ್ಕದಾಗ ಎರಡಕ್ಕ ಎರಡು ಕೂಡಿದ್ರ ನಾಕು. ನಾಕು ಏನು? ನಾಕು ಎಮ್ಮಿಯೋ, ನಾಕು ವೋಲ್ಟೋ? ಎಮ್ಮಿ ಹಾಲು ಕೊಡ್ತದ, ವೋಲ್ಟ್ ಹೊಡಿತದ. ಅದನ್ನ ಹೇಳದ ನಾಕು ಅಂದ್ರ ನಾ ಏನ್ ತಿಳಕೊಬೇಕು?" ಇದನ್ನು ಕೇಳಿಯೂ ಸೋಲು ಒಪ್ಪಿಕೊಂಡವಳಲ್ಲ ನಾನು, ಮರುದಿನ ಮತ್ತೆ ಜಗಳ ತೆಗೆಯುತ್ತಿದ್ದೆ.

ವಿದ್ಯುತ್ತಿನ ಪಾಠ ಬಂತೆಂದರೆ ಅವರ ಮುಖದ ಕಳೆಯೇ ಬೇರೆ. ಪುಸ್ತಕದಲ್ಲಿ ರೋಧ, ಸಾಮರ್ಥ್ಯ ಎಂದಿದ್ದರೆ ಅವರ ಬಾಯಲ್ಲಿ ಅವು ತಡಿ, ತಾಕತ್ತು. "ವೋಲ್ಟನ್ನ ಆಂಪಿಯರ್‌ಲೆ ಭಾಗಿಸು, ತಡಿ ಸಿಗ್ತದ. ಗುಣಿಸು, ತಾಕತ್ತು ಸಿಗ್ತದ. ಎರಡು ಮುಳ್ಳು ಓದಾಕ ಬಂದ್ರ ಲೋಕದಾಗಿನ ಯಾವ ತಂತೀನೂ ನಿನಗ ಸುಳ್ಳು ಹೇಳಂಗಿಲ್ಲ." ಎರಡು ಮುಳ್ಳು ಎಂದರೆ ಕಟ್ಟಿಗೆ ಪೆಟ್ಟಿಗೆಯಲ್ಲಿ ಅವರು ಹೊತ್ತು ತರುತ್ತಿದ್ದ ವೋಲ್ಟ್ ಮೀಟರು, ಆಂಪಿಯರ್ ಮೀಟರು. ಬಾಯಿಪಾಠ ಒಪ್ಪಿಸಲು ಎದ್ದವನನ್ನು "ಓದಿದ್ದು ಬ್ಯಾಡಲೇ, ಅಳದದ್ದು ಹೇಳು" ಎಂದು ಕೂರಿಸಿಬಿಡುವರು.

ಆಮೇಲೆ ಅವರಿಗೆ ಸಿಂಧನೂರಿನ ಕಡೆ, ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಹತ್ತಿರದ ಶಾಲೆಗೆ ವರ್ಗವಾಯಿತು. ಕೇಳಿ ಮಾಡಿಸಿಕೊಂಡ ವರ್ಗ. ಒಮ್ಮೆ ನಾನು ಅಲ್ಲಿಗೆ ಹೋಗಿದ್ದೆ. ಸುತ್ತ ಭತ್ತದ ಗದ್ದೆ, ಕಾಲಿಟ್ಟಲ್ಲೆಲ್ಲ ತೇವ. ನೆಲ ತೋರಿಸಿ, "ಇಲ್ಲಿ ಭೂಮಿ ತಾನ ಕುಡದು ಕುಂತದ, ನೀರು ಹಾಕೋ ಜರೂರ್ ಇಲ್ಲ" ಎಂದರು. ನಗಲು ನೋಡಿದರು, ಆಗಲಿಲ್ಲ. ಅಲ್ಲಿ ಅವರು ಯಾರ ಮನೆಗೆ ಹೋದರೂ ಕೂರುವ ಮೊದಲು ಹಿತ್ತಲಿಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತಿದ್ದರು. ಮಾಸ್ತರಿಗೆ ಸಕ್ಕರೆ ಕಾಯಿಲೆ, ಪದೇ ಪದೇ ಹೊರಗೆ ಹೋಗಬೇಕಾಗುತ್ತದೆ ಎಂದು ಊರವರು ಮರುಗುತ್ತಿದ್ದರು. ಒಬ್ಬ ಬಂಗಾಳಿ ಅಜ್ಜಿಯಂತೂ ಇವರು ತನ್ನ ಹೊಂಡದ ಮೀನು ನೋಡಲು ಹೋಗುತ್ತಾರೆಂದು ತಿಳಿದು ಎಲೆಯಲ್ಲಿ ಕಟ್ಟಿ ಕೊಡಲು ಬಂದಿದ್ದಳಂತೆ. ಇವರು ಮೊಟ್ಟೆಯನ್ನೂ ಮುಟ್ಟದವರು.

ಹಿತ್ತಲಲ್ಲಿ ಅವರು ಏನು ಹುಡುಕುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಅದನ್ನು ಹೇಳಬೇಕಾದರೆ ನಮ್ಮ ದೊಡ್ಡಿಗಳ ದೀಪದ ಸಂಗತಿ ಹೇಳಬೇಕು.

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯ ಆಚೀಚೆ ನಾಲ್ಕಾರು ಮನೆಗಳ ಸಣ್ಣ ಸಣ್ಣ ವಸತಿಗಳಿವೆ, ದೊಡ್ಡಿ ಎನ್ನುತ್ತೇವೆ. ಅವರು ಇನ್ನೂ ಮಸ್ಕಿಯಲ್ಲಿದ್ದ ದಿನಗಳಲ್ಲಿ ಆ ಕಡೆ ಹಾದುಹೋಗುತ್ತಿದ್ದದ್ದು ಬಾವಿಯ ಪಂಪುಗಳಿಗೆಂದು ಎಳೆದ ಮೂರು ತಂತಿಯ ಲೈನು. ಮನೆಯಲ್ಲಿ ಬಲ್ಬು ಹತ್ತಬೇಕೆಂದರೆ ಕರೆಂಟಿಗೆ ಬರಲು ಒಂದು ದಾರಿ, ತಿರುಗಿ ಹೋಗಲು ಒಂದು ದಾರಿ ಬೇಕು. ತಿರುಗಿ ಹೋಗುವ ನಾಲ್ಕನೇ ತಂತಿ ಅಲ್ಲಿರಲಿಲ್ಲ. ನಮ್ಮ ಜನ ಅದಕ್ಕೆ ಉಪಾಯ ಕಂಡುಕೊಂಡಿದ್ದರು. ಕಂಬದಿಂದ ಒಂದು ತಂತಿ ತಂದು ಬಲ್ಬಿನ ಒಂದು ಕಡೆಗೆ ಕೊಡುವುದು, ಇನ್ನೊಂದು ಕಡೆಯ ತಂತಿಯನ್ನು ಹಿತ್ತಲಲ್ಲಿ ಹುಗಿದ ಕಬ್ಬಿಣದ ಸಲಾಕೆಗೆ ಸುತ್ತುವುದು. ಭೂಮಿಯೇ ವಾಪಸು ಹೋಗುವ ದಾರಿ. ಬೇಸಗೆಯಲ್ಲಿ ನೆಲ ಒಣಗಿ ಬಲ್ಬು ಮಂಕಾದರೆ ಮನೆಯ ಹೆಂಗಸು ಒಂದು ಕೊಡ ನೀರು ತಂದು ಸಲಾಕೆಯ ಬುಡಕ್ಕೆ ಸುರಿಯುವಳು, ಬಲ್ಬು ಬೆಳಗುವುದು. ತುಳಸಿಗೆ ನೀರು ಹಾಕಿದಷ್ಟೇ ಸಹಜವಾಗಿ ಅದೂ ದಿನದ ಕೆಲಸಗಳಲ್ಲಿ ಸೇರಿಹೋಗಿತ್ತು. ಸಲಾಕೆ ಮುಟ್ಟಿದರೆ ಚುರ್ ಎನ್ನುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಇರುವೆ ಕಚ್ಚಿದರೂ ಚುರ್ ಎನ್ನುತ್ತದೆ ಎಂದುಕೊಂಡು ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಾಸ್ತರು ಇದನ್ನೇ ಪಾಠ ಮಾಡಿದರು. ಶಾಲೆಯ ಹಿಂದೆ ಸಲಾಕೆ ಹುಗಿದು, ಬಲ್ಬು ಕಟ್ಟಿ, ಮೀಟರಿಟ್ಟು, ಹತ್ತನೆಯ ತರಗತಿಯ ಮಕ್ಕಳಿಂದ ಒಣನೆಲದ ತಡೆಯನ್ನು ಲೆಕ್ಕ ಮಾಡಿಸಿದರು. ಆಮೇಲೆ ನೀರು ಸುರಿಸಿದರು, ತಡೆ ಇಳಿಯಿತು. ಒಂದು ಹಿಡಿ ಉಪ್ಪು ಹಾಕಿಸಿದರು, ಇನ್ನೂ ಇಳಿಯಿತು. ಬಲ್ಬು ಜಗ್ಗನೆ ಬೆಳಗಿದಾಗ ಮಕ್ಕಳು ಚಪ್ಪಾಳೆ ಹೊಡೆದರು. ಪುಸ್ತಕದ ವಿದ್ಯೆ ತಮ್ಮ ಹಿತ್ತಲಲ್ಲೇ ಇದೆಯೆಂದು ಅವರಿಗೆ ಕಂಡದ್ದು ಅದೇ ಮೊದಲು. "ನೀರು ಹಾಕುವಾಗ ಸಲಾಕಿ ಮುಟ್ಟಬ್ಯಾಡ್ರಿ" ಎಂದು ಅವರು ಹೇಳಿದ್ದನ್ನು ನಾನು ಕಿಟಕಿಯಿಂದ ಕೇಳಿದ್ದೇನೆ. ಉಪ್ಪಿನ ಮಾತು ಮಕ್ಕಳ ಜೊತೆ ಮನೆಗೆ ಹೋಯಿತು, ಈ ಮಾತು ಹೋಗಲಿಲ್ಲ.

ಆ ತರಗತಿಯಲ್ಲಿ ಹುಲಿಗೆಮ್ಮ ಎಂಬ ಹುಡುಗಿಯಿದ್ದಳು. ದೊಡ್ಡಿಯಿಂದ ನಡೆದು ಬರುತ್ತಿದ್ದಳು. ಅವಳ ಅಪ್ಪ ಅಮರಪ್ಪ ಕುರಿ ಕಾಯುವವನು. ಅವಳಿಗೆ ಲೆಕ್ಕ ಎಂದರೆ ಜೀವ, ಮಾಸ್ತರು ಬೋರ್ಡಿನ ಮೇಲೆ ಭಾಗಾಕಾರ ಮುಗಿಸುವ ಮೊದಲೇ ಇವಳ ಉತ್ತರ ತಯಾರು, ಅದೂ ಮಾನ ಸಮೇತ. ಆ ಬೇಸಗೆ ಪರೀಕ್ಷೆಗೆ ಇನ್ನೇನು ಸ್ವಲ್ಪ ದಿನವಿದೆ ಎನ್ನುವಾಗ ಅವಳು ಬರುವುದನ್ನು ನಿಲ್ಲಿಸಿದಳು. ಅವಳ ಅವ್ವ ಬೆಳಿಗ್ಗೆ ಸಲಾಕೆಗೆ ನೀರು ಹಾಕಲು ಹೋಗಿ, ನೀರು ಕೆಳಗಿಳಿಯಲೆಂದು ಅದನ್ನು ಹಿಡಿದು ಅಲುಗಾಡಿಸಿದ್ದಳು. ಅಲ್ಲೇ ಸತ್ತಳು.

ದಿನಕರ್ಮ ಮುಗಿದ ಮೇಲೂ ಹುಡುಗಿ ಬರಲಿಲ್ಲ. ಊಟ ಬಿಟ್ಟಿದ್ದಾಳೆ, "ನೀರು ಹಾಕವ್ವ, ಉಪ್ಪು ಹಾಕವ್ವ ಅಂತ ನಾನ ಹೇಳಿದ್ದೆ" ಎನ್ನುವುದು ಬಿಟ್ಟರೆ ಮಾತಿಲ್ಲ ಎಂದು ಅವಳ ಗೆಳತಿಯರು ಬಂದು ಹೇಳಿದರು. ಮಾಸ್ತರು ಕಪಾಟಿನಿಂದ ಮೀಟರುಗಳ ಪೆಟ್ಟಿಗೆ ತೆಗೆದಿಟ್ಟರು. ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದು, "ನಾಳೆ ಹೋಗೂಣ ಬರ್ರಿ ಟೀಚರ್ರ. ನೀರು ಹಾಕಿದ್ರ ತಡಿ ಇಳಿತದ, ಸಲಾಕ್ಯಾಗಿನ ವೋಲ್ಟೂ ಇಳಿತದ. ನೀರಿನಿಂದ ಸತ್ತಿಲ್ಲ ಆಕಿ. ಅಳದು, ಲೆಕ್ಕ ಮಾಡಿ ತೋರಸ್ತೀನಿ. ಆ ಹುಡುಗಿ ಬ್ಯಾರೆ ಯಾವ ಮಾತೂ ನಂಬಂಗಿಲ್ಲ, ಲೆಕ್ಕ ನಂಬ್ತಾಳ" ಎಂದರು.

ಹೋದೆವು. ಅಮರಪ್ಪ ಹೊರಗಿನ ಕಟ್ಟೆಯಲ್ಲಿ ಉಣ್ಣೆ ನೂಲುತ್ತ ಕೂತಿದ್ದ, ನೂಲುತ್ತಿದ್ದ ಎನ್ನುವುದಕ್ಕಿಂತ ಕದಿರು ಕೈಯಲ್ಲಿತ್ತು ಅಷ್ಟೆ. ಹುಡುಗಿ ಬಾಗಿಲ ಮೂಲೆಯಲ್ಲಿ ಮೊಣಕಾಲಿಗೆ ತಲೆ ಆನಿಸಿದ್ದಳು. ಮಾಸ್ತರು ಪೆಟ್ಟಿಗೆ ಬಿಚ್ಚಿ ಹಿತ್ತಲಿಗೆ ಹೋಗಿ ಅಳೆದು ಬಂದರು. ಅವಳ ಪಾಟಿ ತರಿಸಿ ಬರೆಯತೊಡಗಿದರು. ನೆಲದ ತಡೆ ಇನ್ನೂರು ಓಮ್. ಅರವತ್ತು ವಾಟಿನ ಬಲ್ಬಿನದು ಸುಮಾರು ಎಂಟುನೂರ ಎಂಬತ್ತೆರಡು. ಒಂದರ ಹಿಂದೊಂದು ಇರುವ ಎರಡು ತಡೆ, ಯಾವುದು ದೊಡ್ಡದೋ ಅದು ದೊಡ್ಡ ಪಾಲು ವೋಲ್ಟನ್ನು ಇಟ್ಟುಕೊಳ್ಳುತ್ತದೆ. ಇನ್ನೂರ ಮೂವತ್ತರಲ್ಲಿ ಬಲ್ಬು ತನ್ನದನ್ನು ಇಟ್ಟುಕೊಂಡು ಸಲಾಕೆಗೆ ಬಿಡುವುದು ಬರೀ ನಲವತ್ತೆರಡು ವೋಲ್ಟ್. ಹುಡುಗಿ ತಲೆ ಎತ್ತಿ ನೋಡುತ್ತಿದ್ದಳು. ಇವರು ಬರೆಯುವುದನ್ನು ನಿಲ್ಲಿಸಿದರು. ಅಷ್ಟಕ್ಕೆ ಚುರ್ ಎನ್ನಬಹುದು, ಜೀವ ಹೋಗುವುದು ಕಷ್ಟ, ಆ ಸಂಖ್ಯೆ ಅವರಿಗೆ ಸಾಲಲಿಲ್ಲ ಎಂದು ನನಗೆ ಅನಿಸಿತು.

"ಆವತ್ತ ಬಲ್ಬ್ ಹತ್ತಿತ್ತೇನು?" ಎಂದು ಕೇಳಿದರು.

"ಇಲ್ರಿ. ಹೊತ್ತು ಏರಿತ್ತು."

"ಮತ್ತ ಏನಿತ್ತು?"

ಉತ್ತರ ಕಟ್ಟೆಯಿಂದ ಬಂತು. "ಒಲಿ ಹಚ್ಚಿದ್ದೆ ರೀ ಮಾಸ್ತರ್ರ" ಎಂದ ಅಮರಪ್ಪ. ಎದ್ದು ಒಳಗಿನಿಂದ ಒಂದು ಕರೆಂಟ್ ಒಲೆ ತಂದು ನಮ್ಮ ಮುಂದಿಟ್ಟ. ಮಣ್ಣಿನ ಬಿಲ್ಲೆ, ಅದರಲ್ಲಿ ಸುರುಳಿ ತಂತಿ. ಹಟ್ಟಿ ಊರಿನ ಚಿನ್ನದ ಗಣಿಯ ಕಂಪನಿ ಮನೆಯಲ್ಲಿದ್ದ ಅವನ ತಂಗಿ ಅಂಥದರಲ್ಲಿ ಅಡುಗೆ ಮಾಡುತ್ತಿದ್ದಳಂತೆ. ಸುರುಳಿ ಕೆಂಪಗೆ ಕಾಯುವುದನ್ನು, ಹೊಗೆಯೇ ಇಲ್ಲದ್ದನ್ನು ಇವನು ನೋಡಿ ಬಂದಿದ್ದ. "ಹುಲಿಗಿ ಅವ್ವಗ ಹೊಗಿ ಆಗಿಬರ್ತಿದ್ದಿಲ್ರಿ, ಕೆಮ್ಮಿ ಕೆಮ್ಮಿ ಎದಿ ಹಿಡಕೊಂಡು ಕುಂಡ್ರತಿದ್ಲು. ಅದಕ್ಕ ತಂದಿದ್ದೆ. ಹಟ್ಟ್ಯಾಗ ಕೆಂಪಗಾಗ್ತಿತ್ತು, ಇಲ್ಲಿ ಕರ್ರಗ ಹಂಗ ಕುಂತಿತ್ತು. ನೀರು ಹಾಕಿ ಬರ್ತೀನಿ, ಹತ್ತತದ ಅಂತ ಹೋದ್ಲು." ಒಲೆಯ ಅಂಚನ್ನು ಬೆರಳಿಂದ ಒರೆಸಿದ. ಆಮೇಲೆ ಕೇಳಿದ: "ಒಲಿಗೂ ಅದಕೂ ಏನಾರ ಸಂಬಂಧ ಐತೇನ್ರೀ?"

ಒಲೆಯ ಮೇಲೆ ಸಾವಿರ ವಾಟ್ ಎಂದು ಬರೆದಿತ್ತು. ನಾನು ಗಣಿತದವಳು, ಬೇಡವೆಂದರೂ ತಲೆ ತಾನೇ ಲೆಕ್ಕ ಹಾಕಿತು. ಆ ಒಲೆಯ ತಡೆ ಬರೀ ಐವತ್ತಮೂರು ಓಮ್. ಬಲ್ಬಿನ ಹಾಗೆ ಅದು ದೊಡ್ಡ ಪಾಲು ಇಟ್ಟುಕೊಳ್ಳುವುದಿಲ್ಲ, ಬಹುಪಾಲನ್ನು ಸಲಾಕೆಗೇ ಬಿಟ್ಟುಬಿಡುತ್ತದೆ. ಹಟ್ಟಿಯಲ್ಲಿ ವಾಪಸು ಹೋಗಲು ಸರಿಯಾದ ತಂತಿಯಿತ್ತು. ಇಲ್ಲಿ ಒಣ ನೆಲ. ಸಲಾಕೆಗೆ ನೂರ ಎಂಬತ್ತೆರಡು ವೋಲ್ಟ್. ಒದ್ದೆ ಕೈ, ಬರಿಗಾಲು. ನಾನು ತಲೆ ಎತ್ತಿದರೆ ಮಾಸ್ತರು ನನ್ನನ್ನೇ ನೋಡುತ್ತಿದ್ದರು, ಅವರ ಲೆಕ್ಕವೂ ಮುಗಿದಿತ್ತು. ಬಂದ ಕೆಲಸ ಆಗಿತ್ತು. ನೀರಿನ ತಪ್ಪಲ್ಲ, ಹುಡುಗಿಯ ತಪ್ಪಲ್ಲ ಎಂದು ಪಾಟಿಯ ಮೇಲೆ ತೋರಿಸಬಹುದಿತ್ತು. ತೋರಿಸಿದರೆ ಉಳಿಯುತ್ತಿದ್ದದ್ದು ಆ ಒಲೆ ಒಂದೇ, ಅದನ್ನು ತಂದವನು ಅಮರಪ್ಪ.

"ಇಲ್ಲ" ಎಂದರು. "ಒಲಿಗೂ ಇಲ್ಲ, ನೀರಿಗೂ ಇಲ್ಲ. ಆವತ್ತ ಲೈನಿನಾಗ ನಾಕನೂರ ನಲವತ್ತು ವೋಲ್ಟ್ ಬಂದಿತ್ತು. ಯಾರು ಮುಟ್ಟಿದ್ರೂ ಹೋಗ್ತಿದ್ರು. ನಾ ಮುಟ್ಟಿದ್ರೂ ಹೋಗ್ತಿದ್ದೆ." ಪಾಟಿ ಒರೆಸಿ ನಾನೂರ ನಲವತ್ತು ಎಂದು ಬರೆದು, ಭಾಗಿಸಿ, ಉತ್ತರ ತೆಗೆದು, ಅದರ ಮುಂದೆ ಆಂಪಿಯರ್ ಎಂದು ಬರೆದರು. ಹಾಗೆ ಬಂದಿದ್ದರೆ ಬೇರೆ ಮನೆಗಳಲ್ಲೂ ಏನಾದರೂ ಸುಟ್ಟಿರಬೇಕಿತ್ತು. ದೊಡ್ಡಿಯ ಎಲ್ಲ ಬಲ್ಬುಗಳೂ ನೆಟ್ಟಗಿದ್ದವು. ನಾನು ಬಾಯಿ ಬಿಡಲಿಲ್ಲ. ಹುಡುಗಿ ಪಾಟಿಯನ್ನು ತುಂಬ ಹೊತ್ತು ನೋಡಿ, ಅವ್ವ ಸತ್ತ ಮೇಲೆ ಮೊದಲ ಬಾರಿಗೆ ಗಟ್ಟಿಯಾಗಿ ಅತ್ತಳು. ಮರುವಾರ ಶಾಲೆಗೆ ಬಂದಳು. ಪಾಸಾಗಿ ಲಿಂಗಸುಗೂರಿನ ಕಾಲೇಜಿಗೂ ಸೇರಿದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಅವರ ಕಾಲಿಗೆ ಬಿದ್ದು ಸುಮ್ಮನಿರುತ್ತಿದ್ದೆ.

ಮಾಸ್ತರು ಭಾನುವಾರಗಳಂದು ದೊಡ್ಡಿಗಳನ್ನು ಸುತ್ತತೊಡಗಿದರು. ಸಲಾಕೆ ಕೀಳಿ, ನಾಲ್ಕನೇ ತಂತಿಗೆ ಅರ್ಜಿ ಕೊಡೋಣ, ಅಲ್ಲಿಯತನಕ ಕಂದೀಲು ಹಚ್ಚಿಕೊಳ್ಳಿ ಎಂದು ಬೇಡಿಕೊಂಡರು. ಬೇರೆ ದೊಡ್ಡಿಗಳಲ್ಲಿ ಕೆಲವರು ಕೇಳಿದರು, ಹಲವರು ನಕ್ಕರು, 'ಗೂಟ ಕೀಳೋ ಮಾಸ್ತರ' ಎಂಬ ಹೆಸರೂ ಬಿತ್ತು. ಅಮರಪ್ಪನ ದೊಡ್ಡಿಯಲ್ಲಿ ಮಾತ್ರ ಯಾರೂ ನಗಲಿಲ್ಲ. ಅವರ ಮಾತನ್ನು ಅವರಿಗೇ ಒಪ್ಪಿಸಿದರು. "ನೀವ ಹೇಳೀರಲ್ರಿ, ಸಲಾಕಿದೇನೂ ತಪ್ಪಿಲ್ಲ, ಲೈನಿನದು ತಪ್ಪು ಅಂತ. ಪಾಟಿ ಮ್ಯಾಲ ಬರದು ತೋರಿಸೀರಂತ. ಈಗ ಕೀಳು ಅಂದ್ರ ಹೆಂಗ?" ಅದಕ್ಕೆ ಅವರು ಏನು ಹೇಳಿಯಾರು. ಬಾಯಿ ತೆರೆದರೆ ಒಲೆಯ ನಿಜ ಅಮರಪ್ಪನ ಮನೆಗೆ ಹೋಗಿ ಮುಟ್ಟುತ್ತದೆ. ತಲೆ ತಗ್ಗಿಸಿ ಬಂದುಬಿಡುತ್ತಿದ್ದರು. ಸೋಮವಾರ ಸ್ಟಾಫ್ ರೂಮಿನಲ್ಲಿ ನನ್ನ ಜೊತೆ ಜಗಳವಾಡುವುದನ್ನೂ ಬಿಟ್ಟರು. ನಾನೇ ಕೆಣಕಿದರೂ, "ನಿಮ್ಮದ ಖರೇ ಟೀಚರ್ರ" ಎಂದುಬಿಡುವರು. ಗೆದ್ದು ನನಗೆ ಸಂಕಟವಾಗುತ್ತಿತ್ತು.

ಮುಂದಿನ ಬೇಸಗೆ ಅದೇ ದೊಡ್ಡಿಯಲ್ಲಿ ಅಮರಪ್ಪನ ಪಕ್ಕದ ಮನೆಯ ಎಮ್ಮೆ ಸತ್ತಿತು. ಸಲಾಕೆಯ ಬುಡದ ಉಪ್ಪು ನೆಕ್ಕಲು ಹೋಗಿತ್ತು. ಆ ಮನೆಯವರೂ ಒಂದು ಕರೆಂಟ್ ಒಲೆ ತಂದಿದ್ದರು. ಒಲೆಗೂ ಸಾವಿಗೂ ಸಂಬಂಧವಿಲ್ಲ ಎಂದು ಮಾಸ್ತರೇ ಹೇಳಿದ್ದಾರಲ್ಲ ಎಂಬ ಧೈರ್ಯದಿಂದ ತಂದದ್ದು.

ಆ ಸುದ್ದಿ ಬಂದ ದಿನ ಅವರು ತರಗತಿಗೆ ಹೋಗಲಿಲ್ಲ. "ಎಮ್ಮಿ ಉಪ್ಪು ನೆಕ್ಕಾಕ ಹೋಗಿತ್ತು. ನಾಳೆ ಕೂಸು ಹೋದ್ರ?" ಎಂದು ಒಂದೇ ಸಮನೆ ಕೇಳುತ್ತಿದ್ದರು. ಆ ಸುಳ್ಳಿಗೆ ನಾನು ಅವರನ್ನು ಇವತ್ತಿಗೂ ತಪ್ಪು ಎನ್ನಲಾರೆ, ಆ ಸುಳ್ಳು ತಂದಿಟ್ಟದ್ದನ್ನು ಸಣ್ಣದೆಂದೂ ಹೇಳಲಾರೆ. ಮಧ್ಯಾಹ್ನದ ಬಸ್ಸಿಗೆ ನನ್ನನ್ನು ಕರೆದುಕೊಂಡು ಹೊರಟರು. ಬಸ್ಸು ಇಳಿಯುವಾಗ ಬಾಗಿಲ ಹಿಡಿಕೆಯನ್ನು ಅಂಗೈಯಿಂದಲೇ ಗಟ್ಟಿಯಾಗಿ ಹಿಡಿದು ಇಳಿದರು, ರೂಢಿ ಅವರಿಗೆ ನೆನಪಿರಲಿಲ್ಲ.

ಕಾಲೇಜಿಗೆ ರಜೆಯಾದ್ದರಿಂದ ಹುಲಿಗೆಮ್ಮ ಮನೆಯಲ್ಲಿದ್ದಳು, ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅಮರಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿದ. ಮಾಸ್ತರು ಕೂರಲಿಲ್ಲ.

"ಅಮರಪ್ಪ, ಹಿಂದ ನಾ ಹೇಳಿದ್ದು ಸುಳ್ಳು."

"ಗೊತ್ತೈತ್ರಿ" ಎಂದ ಅಮರಪ್ಪ.

ಒಳಗಿನ ಸಪ್ಪಳ ನಿಂತಿತು.

"ಆಕಿ ಚೀರಿದ್ದು ಕೇಳಿ ಎದ್ದೆ ರೀ. ನನಗ ಏನ್ ತಿಳೀತೋ, ಮೊದಲ ಒಲಿ ಆರಿಸಿದೆ. ಆರಿಸಿದ ಕೂಡ್ಲೆ ಆಕಿ ಕೈ ಬಿಡ್ತು. ಹಿಂದ ಬಾಗಲದಾಗ ನಿಂತು ನಾನ ನೋಡೀನಿ. ಹೆಂಗ, ಯಾಕ ನನಗ ತಿಳಿಯಂಗಿಲ್ಲ, ನಾ ಸಾಲಿ ಕಲ್ತಾವಲ್ಲ. ಆದ್ರ ಒಲಿ ಆರಿತು, ಕೈ ಬಿಡ್ತು." ಹಾಸಿದ ಕಂಬಳಿಯ ಅಂಚು ಸರಿಮಾಡಿದ. "ನೀವು ಇಲ್ಲ ಅಂದ್ರಿ. ಕಲ್ತಾವ್ರು ಇಲ್ಲ ಅಂತಾರ ಅಂದಮ್ಯಾಲ ಇರಲಿಕ್ಕಿಲ್ಲ ಅಂದಕೊಂಡೆ. ಅದನ್ನ ಹಿಡಕೊಂಡು ಇಷ್ಟು ದಿನ ಎರಡು ಹೊತ್ತು ಉಂಡೀನಿ. ಈಗ ಅದನ್ನ ವಾಪಸ್ ತಗೊಂಡು ಹೋಗಾಕ ಬಂದೀರಿ."

ಮಾಸ್ತರು ಎಮ್ಮೆ ಸತ್ತ ಪಕ್ಕದ ಹಿತ್ತಲ ಕಡೆ ಕೈ ಮಾಡಿದರು. ಅಮರಪ್ಪನೇ ಒಳಗೆ ತಿರುಗಿ ಕರೆದ. "ಹುಲಿಗೀ, ಪಾಟಿ ತಗೊಂಡು ಬಾರಬೇ. ಮಾಸ್ತರು ಲೆಕ್ಕ ತಿರುಗಿ ಮಾಡ್ತಾರ, ಕುಂತು ನೋಡು. ನಿನ್ನ ನೀರಿಂದ ಅಲ್ಲ ಅದು."

ಮಾಸ್ತರು ಇನ್ನೂರ ಮೂವತ್ತು ಎಂದು ಬರೆದರು. ಬಳಪ ಮುರಿಯಿತು. ಹುಡುಗಿ ಪಾಟಿ ತನ್ನ ಕಡೆ ಎಳೆದುಕೊಂಡಳು. ನೆಲದ ತಡೆ ಅವಳಿಗೆ ನೆನಪಿತ್ತು, ಒಲೆಯ ವಾಟ್ ಕೇಳಿದಳು, ಅಪ್ಪ ಹೇಳಿದ. ಅವಳೇ ಭಾಗಿಸಿದಳು, ಗುಣಿಸಿದಳು. ನೂರ ಎಂಬತ್ತೆರಡು ಎಂದು ಬರೆದು, ವೋಲ್ಟ್ ಎಂದು ಸೇರಿಸಿ, ಪಾಟಿಯನ್ನು ಬೋರಲು ಹಾಕಿದಳು. ಅಪ್ಪನ ಕಡೆ ನೋಡಲಿಲ್ಲ.

ಅಮರಪ್ಪ ಹಿತ್ತಲಿಗೆ ಹೋದ. ಕಂಬದ ಕಡೆಯ ತಂತಿಯನ್ನು ಮಾಸ್ತರು ಬಿಡಿಸಿದ ಮೇಲೆ ಸಲಾಕೆಯನ್ನು ಎರಡೂ ಕೈಯಿಂದ ಕಿತ್ತು ಹೆಗಲಿಗೇರಿಸಿಕೊಂಡು ದೊಡ್ಡಿಯ ಮನೆಮನೆಗೆ ನಡೆದ. ಮಾಸ್ತರು ಅವನ ಹಿಂದೆ. ಮಾಸ್ತರಿಗೆ ಬಾಯಿ ಬಿಡಲು ಅವನು ಅವಕಾಶ ಕೊಡಲಿಲ್ಲ. ಪ್ರತಿ ಬಾಗಿಲಲ್ಲೂ ನಿಂತು ತಾನೇ ಹೇಳಿದ. "ಇದರಿಂದ ನನ್ನ ಹೇಣ್ತಿ ಹೋದ್ಲು. ಒಲಿ ನಾ ತಂದಿದ್ದೆ. ಮಾಸ್ತರು ನನ್ನ ಮಾರಿ ನೋಡಿ ಸುಳ್ಳು ಹೇಳಿದ್ರು. ಕೀಳ್ರಿ." ಸಂಜೆಯ ಹೊತ್ತಿಗೆ ಸಲಾಕೆಗಳೆಲ್ಲ ಬೇವಿನ ಮರದ ಕೆಳಗೆ ಒಟ್ಟಿಗೆ ಬಿದ್ದಿದ್ದವು. ನಾಲ್ಕನೇ ತಂತಿ ಬರುವತನಕ ಆ ದೊಡ್ಡಿ ಕಂದೀಲಿನಲ್ಲೇ ಇತ್ತು.

ಮನೆಗೆ ತಿರುಗಿ ಬಂದ ಅಮರಪ್ಪ ಒಳಗೆ ಹೋಗಲಿಲ್ಲ, ಕೈಯೂ ತೊಳೆಯಲಿಲ್ಲ. ಅಂಗಳದ ಕಲ್ಲಿನ ಮೇಲೆ ಕೂತು ನೆಲ ನೋಡುತ್ತಿದ್ದ. ಲಿಂಗಸುಗೂರಿನಿಂದ ಬರುವ ಕೊನೆಯ ಬಸ್ಸಿಗೆ ಹೊತ್ತಾಗಿತ್ತು, ಹೋಗೋಣ ಎಂದು ನಾನು ಮಾಸ್ತರ ಅಂಗಿ ಎಳೆದೆ. ಅವರು ಅಂಗಳದ ಅಂಚಿನಲ್ಲಿ ನಿಂತವರು ಅಲುಗಲಿಲ್ಲ. ದೂರದಲ್ಲಿ ಬಸ್ಸು ಬಂದು ನಿಂತದ್ದೂ ಹೊರಟದ್ದೂ ಕೇಳಿಸಿತು.

ಹುಡುಗಿ ಒಳಗಿನಿಂದ ತಾಟು ತಂದಳು. ರೊಟ್ಟಿ, ಪುಂಡಿಪಲ್ಯೆ. ತಂಬಿಗೆ ನೀರು ಹಾಕಿ ಅಪ್ಪನ ಕೈ ತಾನೇ ತೊಳೆದು, ಎದುರು ಕುಕ್ಕರುಗಾಲಲ್ಲಿ ಕೂತು, ರೊಟ್ಟಿ ಮುರಿದು ಅವನ ಕೈಯಲ್ಲಿಟ್ಟಳು.

"ಉಣ್ಣಪ್ಪ" ಎಂದಳು. "ಲೆಕ್ಕ ನಾನೂ ನೋಡೀನಿ. ಉಣ್ಣು."

ತುತ್ತು ಅವನ ಕೈಯಲ್ಲಿ ಬಹಳ ಹೊತ್ತು ಹಾಗೇ ಇತ್ತು. ಅವನು ಅದನ್ನು ಬಾಯಿಗೆ ಇಡುವತನಕ ಮಾಸ್ತರು ನಿಂತ ಜಾಗ ಬಿಟ್ಟು ಕದಲಲಿಲ್ಲ.